ಗೂಡು ಬೇಯಿಸಿದ ನೀರಿನ ಗಾರೆ

ಶಿಡ್ಲಘಟ್ಟದಲ್ಲಿ ಒಂದು ನೀರಿನ ತೊಟ್ಟಿ ಕಟ್ಟಲು ಹೋಗಿ ನನ್ನ ಸೈಕಲ್ ಮಾರಿದೆ. ಕಟ್ಟಿಸಿದವರು ರೇಷ್ಮೆ ನೂಲು ಬಿಚ್ಚಿಸುವ ಸಾಹೇಬರು. ಕರಾರು ಒಂದೇ: ತುಂಬಿಸಿದ ನೀರು ಒಂದು ಹಗಲು, ಒಂದು ರಾತ್ರಿ ನಿಂತರೆ ಪೂರಾ ದುಡ್ಡು, ಮೇಲೆ ಅವರ ಅಣ್ಣತಮ್ಮಂದಿರ ಮೂರು ಮನೆಯ ಕೆಲಸ, ಸೋರಿದರೆ ಒಡೆದು ನನ್ನ ಖರ್ಚಿನಲ್ಲೇ ಮತ್ತೆ ಕಟ್ಟಬೇಕು. ಮುಂಗಡ ಕೇಳಿದರೆ, "ನೀರು ನಿಲ್ಲಲಿ ಮೇಸ್ತ್ರಿ, ಕಾಸು ಓಡಿ ಬರ್ತದೆ" ಎಂದರು.

ಆಗ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು. ಚಿಕ್ಕಬಳ್ಳಾಪುರದ ಕಚೇರಿಗೆ ನಾಲ್ಕು ಸಲ ಅಲೆದು ಚೀಟಿ ಪಡೆದೆ. ಚೀಟಿ ಸಿಕ್ಕಾಗ ಕೈಯಲ್ಲಿ ಕಾಸಿಲ್ಲ. ಚಿಂತಾಮಣಿಗೆ ಸೈಕಲ್ ತುಳಿದುಕೊಂಡು ಹೋದವನು ಅದನ್ನು ಮಾರಿ ಬಸ್ಸಿನಲ್ಲಿ ಬಂದೆ. ಆದರೆ ಹ್ಯಾಂಡಲ್ಲಿನ ಗಂಟೆ ಕೊಡಲಿಲ್ಲ, ಬಿಚ್ಚಿಟ್ಟುಕೊಂಡೆ. "ಸೈಕಲ್ ಅಂದ್ರೆ ಗಂಟೆನೂ ಸೇರಿ" ಎಂದ ಕೊಂಡವನು. "ಗಂಟೆಗೆ ಬೇರೆ ರೇಟು" ಎಂದೆ. ಬೇಡವೆಂದ. ಬಸ್ಸಿನಲ್ಲಿ ಅದನ್ನು ಜೇಬಿನಿಂದ ತೆಗೆದು ಎರಡು ಸಲ ಬಾರಿಸಿದೆ. ಡ್ರೈವರು ಹಿಂದಿರುಗಿ ನೋಡಿದ. ಮೊದಲ ಸ್ವಂತ ಕಂತ್ರಾಟು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ನನ್ನ ಬಳಿ ಇದ್ದವರು ಇಬ್ಬರೇ: ಸುಣ್ಣದ ಗಾರೆಯಲ್ಲಿ ಕೈ ಪಳಗಿದ ಒಬ್ಬ ತಾತ, ಗಾರೆ ಕಲಸುವ ಒಬ್ಬ ಅಕ್ಕ. ಇಟ್ಟಿಗೆ ಗೋಡೆ ಎದ್ದು, ಒಳಗೆ ಸಿಮೆಂಟು ಬಳಿಯುವ ದಿನ ತಾತ ಮುಖ ಸಿಂಡರಿಸಿದ. "ಈ ಸಿಮೆಂಟು ಕರಣೆ ಮಾತು ಕೇಳಲ್ಲ ಕಣಪ್ಪ. ಇನ್ನೊಂದು ಚೊಂಬು ನೀರು ಹಾಕ್ಸು." ನೀರು ಹೆಚ್ಚಾದರೆ ಗಾರೆ ಬಿರುಕು ಬಿಡುತ್ತದೆ ಎಂಬಷ್ಟು ನನಗೆ ಗೊತ್ತಿತ್ತು. ಹಾಕಿಸಲಿಲ್ಲ. ತಾತ ನನ್ನನ್ನೂ ಸಿಮೆಂಟನ್ನೂ ಒಟ್ಟಿಗೇ ತೆಲುಗಿನಲ್ಲಿ ಬೈದ.

ಮಾರನೆಯ ಬೆಳಿಗ್ಗೆ ತಾತನ ಬೈಗುಳ ಕೇಳಿಸಲಿಲ್ಲ. ಗಾರೆ ಬೆಣ್ಣೆಯಂತೆ ಗೋಡೆಗೆ ಹತ್ತುತ್ತಿತ್ತು. ಕರಣೆ ತೆಗೆದರೂ ಜಾರದೆ ಕೂತಿತ್ತು. ಹತ್ತಿರ ಹೋದರೆ ನಾತ.

"ಅಕ್ಕ, ಏನ್ ಕಲಸಿದ್ದೀಯ?"

"ಮರಳು, ಸಿಮೆಂಟು, ನೀರು. ಇನ್ನೇನ್ ಕಲಸ್ಲಿ, ತುಪ್ಪಾನಾ?"

"ಬಾವಿ ನೀರು ಹಿಂಗೆ ನಾರುತ್ತಾ?"

"ಬಾವಿ ಎಷ್ಟು ದೂರ ಐತೆ ಗೊತ್ತಾ? ನೀನಾದ್ರೂ ಸೈಕಲ್ ಮಾರ್ಕೊಂಡು ನಡೀತಿದ್ದೀಯ. ನನಗೆ ಮಾರೋಕೂ ಸೈಕಲ್ ಎಲ್ಲಿತ್ತು?"

ರೇಷ್ಮೆ ಗೂಡು ಬೇಯಿಸಿ ಮೋರಿಗೆ ಚೆಲ್ಲುವ ನೀರನ್ನು ಬಾವಿ ನೀರಿಗೆ ಒಂದಿಷ್ಟು ಬೆರೆಸಿಬಿಟ್ಟಿದ್ದಳು. ಗೂಡಿನ ಅಂಟೆಲ್ಲ ಅದರಲ್ಲಿ ಇಳಿದಿರುತ್ತದೆ. ಕೈಯಾಡಿಸಿದರೆ ಸಾಬೂನಿನ ಹಾಗೆ ಸಣ್ಣ ನೊರೆ. ಕಲಸಲು ನೀರೂ ಕಡಿಮೆಯೇ ಹಿಡಿದಿತ್ತು. ಮೇಲಾಗಿ ಪುಕ್ಕಟೆ. ಪುಕ್ಕಟೆ ಎಂದರೆ ನನಗೆ ತಲೆ ನಿಲ್ಲುವುದಿಲ್ಲ.

"ಮಧ್ಯಾಹ್ನದಿಂದ ಪೂರ್ತಿ ಅದೇ ನೀರು ಹಾಕು" ಎಂದೆ.

ಮಧ್ಯಾಹ್ನ ಗಾರೆ ನೊರೆ ತುಂಬಿ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಹಗುರಾಯಿತು. ಅಕ್ಕ ಬಾಣಲಿಯನ್ನು ಒಂದೇ ಕೈಯಲ್ಲಿ ಎತ್ತಿ, "ಇವತ್ತು ನನಗೆ ಶಕ್ತಿ ಬಂದೈತೆ" ಎಂದಳು. ತಾತ ಕರಣೆಯಲ್ಲಿ ತುಸು ಎತ್ತಿ ಹಿಡಿದು, "ಇದನ್ನ ಗೋಡೆಗೆ ಬಳಿಯೋದಾ, ಎಲೆಗೆ ಬಡಿಸೋದಾ?" ಎಂದ. ನಾನು ಬಳಿಸಿದೆ. ಒಂದು ಗೋಡೆ ಮುಗಿದ ಮೇಲೆ ಹೆಬ್ಬೆಟ್ಟು ಒತ್ತಿದರೆ ದೋಸೆಯ ತೂತುಗಳು. ಸಾಹೇಬರು ಗೂಡಿನ ಮಾರುಕಟ್ಟೆಯಿಂದ ಬರುವ ಹೊತ್ತು. ಮೂವರೂ ತೊಟ್ಟಿಗಿಳಿದು ಆ ಗಾರೆಯನ್ನೆಲ್ಲ ಹೆರೆದು ತೆಗೆದೆವು. ಅಕ್ಕ ನಗಲು ಶುರುಮಾಡಿದಳು, ತಾತನಿಗೂ ಹತ್ತಿತು, ಆಮೇಲೆ ಯಾರ ಕೈಯೂ ಸರಿಯಾಗಿ ಓಡಲಿಲ್ಲ. ಕೊನೆಯ ಬಾಣಲಿ ಹೊರಗೆ ಬಿತ್ತು, ಸಾಹೇಬರು ಒಳಗೆ ಬಂದರು.

"ಏನು ವಾಸನೆ ಮೇಸ್ತ್ರಿ?"

"ನಿಮ್ಮ ಮನೆದೇ, ಸಾಹೇಬರೇ."

ಅವರು ತಲೆಯಾಡಿಸಿ ಹೋದರು.

ಇನ್ನು ಆತುರ ಬೇಡವೆಂದುಕೊಂಡೆ. ಮೂರು ತೆಂಗಿನ ಚಿಪ್ಪು ತಂದೆ. ಒಂದಕ್ಕೆ ಬರೀ ಬಾವಿ ನೀರಿನ ಗಾರೆ, ಒಂದಕ್ಕೆ ಬಕೆಟ್ಟಿಗೆ ಒಂದು ಚೊಂಬು ಗೂಡಿನ ನೀರು ಬೆರೆಸಿದ್ದು, ಇನ್ನೊಂದಕ್ಕೆ ಪೂರಾ ಗೂಡಿನ ನೀರಿನದು. ಒಂದು ವಾರ ತೇವದಲ್ಲಿಟ್ಟು ಸುತ್ತಿಗೆ ಹಿಡಿದೆ. ಪೂರಾ ನೀರಿನದು ಬೆರಳಲ್ಲೇ ಪುಡಿಯಾಯಿತು. ಚೊಂಬಿನದು ಸುತ್ತಿಗೆಗೆ ಟಣ್ ಎಂದಿತು, ಬರೀ ಬಾವಿ ನೀರಿನದರಷ್ಟೇ ಗಟ್ಟಿ. ಜೇಬಿನ ಗಂಟೆ ತೆಗೆದು ನಾನೂ ಟಣ್ ಎನಿಸಿದೆ. ಉಳಿದ ಗೋಡೆಗಳಿಗೆಲ್ಲ ಚೊಂಬಿನ ಲೆಕ್ಕವೇ.

ಹತ್ತು ದಿನ ಗೋಣಿ ಹೊದಿಸಿ ನೀರು ಕುಡಿಸಿ, ತೊಟ್ಟಿ ತುಂಬಿಸಿದೆವು. ಸಾಹೇಬರು ನೀರಿನ ಮಟ್ಟಕ್ಕೆ ಇದ್ದಿಲಿನಲ್ಲಿ ಗೆರೆ ಎಳೆದರು. ಬಿರುಬೇಸಿಗೆ. ಮಾರನೆಯ ದಿನ ಅದೇ ಹೊತ್ತಿಗೆ ಬಂದು ನೋಡಿದರೆ ನೀರು ಗೆರೆಗಿಂತ ಅರ್ಧ ಬೆರಳು ಕೆಳಗೆ.

"ಒಡೀ ಮೇಸ್ತ್ರಿ" ಎಂದರು, ಶಾಂತವಾಗಿ.

ತಾತ ನೆಲ ನೋಡಿದ. ನಾನು ತೊಟ್ಟಿಯ ಅಂಚಿನಲ್ಲಿದ್ದ ತಪ್ಪಲೆ ತೋರಿಸಿದೆ. ತೊಟ್ಟಿ ತುಂಬಿಸಿದಾಗಲೇ ಅದನ್ನೂ ತುಂಬಿ, ಗೆರೆ ಎಳೆದಿಟ್ಟಿದ್ದೆ. ಅದರಲ್ಲೂ ನೀರು ಅರ್ಧ ಬೆರಳು ಇಳಿದಿತ್ತು.

"ಇದನ್ನೂ ಒಡೀಲಾ, ಸಾಹೇಬರೇ?"

ಅವರು ತಪ್ಪಲೆಯನ್ನು ಎತ್ತಿ ತಳ ಸವರಿ ನೋಡಿದರು. ತೂತು ಎನ್ನುವಂತಿಲ್ಲ, ಅವರ ಅಡುಗೆಮನೆಯದೇ ತಪ್ಪಲೆ. "ಬಿಸಿಲು ಕುಡಿದದ್ದಕ್ಕೂ ನನ್ನ ಮನೆಯಿಂದ್ಲೇ ಸಾಕ್ಷಿ ತರ್ತೀಯ" ಎಂದು ನಕ್ಕುಬಿಟ್ಟರು. ಮಾತಿನಂತೆ ಕಾಸು ಓಡಿಯೇ ಬಂತು. ಚಿಂತಾಮಣಿಗೆ ಹೋಗಿ, ಕೊಂಡವನಿಂದ ಸೈಕಲ್ ವಾಪಸ್ ಕೊಂಡೆ. ಅವನು ಹೊಸ ಗಂಟೆ ಹಾಕಿಸಿದ್ದ. "ಸೈಕಲ್ ಅಂದ್ರೆ ಗಂಟೆನೂ ಸೇರಿ ಅಂತ ನೀನೇ ಹೇಳಿದ್ಯಲ್ಲ" ಎಂದೆ. ಎರಡು ಗಂಟೆ ಬಾರಿಸಿಕೊಂಡು ಮನೆಗೆ ಬಂದೆ.

ಎಷ್ಟೋ ವರ್ಷದ ಮೇಲೆ ಗೌರಿಬಿದನೂರಿನ ಕೆಲಸವೊಂದರಲ್ಲಿ ಎಂಜಿನಿಯರೊಬ್ಬರು, ಗಾರೆ ಮೆದುವಾಗಲೆಂದೇ ಡಬ್ಬಿಯಲ್ಲಿ ಬರುವ ದ್ರಾವಣ ತೋರಿಸಿದರು. ಮುಚ್ಚಳ ತೆಗೆದು ಮೂಸಿದೆ. ನಾತವಿರಲಿಲ್ಲ, ರೇಟು ಮಾತ್ರ ಜೋರಾಗಿತ್ತು.

ನೀವೂ ಮನೆ ಕಟ್ಟಿಸುವವರಾದರೆ ಕೇಳಿ. ಗಾರೆಗೆ ಏನೇ ಬೆರೆಸಿ, ಡಬ್ಬಿಯದಾಗಲಿ ಮತ್ತೊಂದಾಗಲಿ, ಅಳತೆ ಬಿಡಬೇಡಿ. ಮೊದಲು ಒಂದು ಚಿಪ್ಪಿನಲ್ಲಿ ಹಾಕಿ ವಾರ ಕಾಯಿರಿ. ಗಾರೆ ಮೆದುವಾಯಿತೆಂದರೆ ಕಲಸುವ ನೀರು ಕಡಿಮೆ ಮಾಡಿ. ಬಲ ಬರುವುದು ಅಲ್ಲಿಂದ, ಬೆರೆಸಿದ್ದರಿಂದಲ್ಲ. ತೊಟ್ಟಿ ತುಂಬಿಸಿದ ದಿನ ಪಕ್ಕದಲ್ಲಿ ತೊಟ್ಟಿಯ ಹಾಗೆ ನೆಟ್ಟಗಿನ ಬದಿಯ ತಪ್ಪಲೆಯೊಂದು ಇರಲಿ. ಅದನ್ನು ಕಟ್ಟಿಸುವವರ ಮನೆಯಿಂದಲೇ ಕೇಳಿ ತನ್ನಿ.