ಹ್ಯೂರಾನ್ ಸರೋವರದಿಂದ ಖತೀಜಮ್ಮನಿಗೆ

ಅಲಿಯಬ್ಬ ಅವರು ಅಬುಧಾಬಿಯಲ್ಲಿ ಮೂವತ್ತೊಂದು ವರ್ಷ ನೀರಿನ ಕೆಲಸ ಮಾಡಿದರು. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಸ್ಥಾವರದ ಲ್ಯಾಬ್‌ನಲ್ಲಿ ಅವರಿದ್ದರು. ಗಂಟೆಗೊಂದು ಬಾಟಲಿ ನೀರು ಬರುತ್ತಿತ್ತು. ಅದರಲ್ಲಿ ಉಪ್ಪಿನಂಶ ಎಷ್ಟು, ಕ್ಲೋರಿನ್ ಎಷ್ಟು ಎಂದು ನೋಡಿ ಬರೆಯಬೇಕು. ನಾನು ಹನ್ನೊಂದು ವರ್ಷ ಅವರ ಕೈಕೆಳಗೆ ಇದ್ದವನು. ಮೀಟರ್ ನೋಡಿ ಬರೆದಾದ ಮೇಲೂ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಆಮೇಲೆ ಸಹಿ ಹಾಕುವುದು ಅವರ ಅಭ್ಯಾಸ. ಹಾಗೆ ಮಾಡಬಾರದು ಎಂದು ಗೋಡೆಯ ಮೇಲೆ ಬೋರ್ಡ್ ಇತ್ತು. ಆ ಬೋರ್ಡ್ ಹಾಕಿಸಿದವರೂ ಅವರೇ.

ಯಂತ್ರ ನೋಡಲು ಕೆನಡಾದಿಂದ ಬಂದ ಒಬ್ಬ ಎಂಜಿನಿಯರ್ ಒಮ್ಮೆ ತಮ್ಮ ಊರಿನ ಸರೋವರಗಳ ವಿಷಯ ಹೇಳಿದ್ದ. ಈಚೆ ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ, ಹಡಗುಗಳು ದಿನಗಟ್ಟಲೆ ಹೋಗುತ್ತವೆ, ಅಲೆ ಏಳುತ್ತದೆ, ಆದರೆ ನೀರು ಮಾತ್ರ ಸಿಹಿ ಎಂದು. ಅಲಿಯಬ್ಬ ನಂಬಲಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿ ಖತೀಜಮ್ಮನಿಗೆ ಹೇಳಿದರು. ಆಕೆ ನಂಬಿದರು. ಅಲ್ಲಾಹು ಅಷ್ಟು ಉಪ್ಪುನೀರು ಮಾಡಿರುವಾಗ ಸ್ವಲ್ಪ ಸಿಹಿನೀರನ್ನೂ ಒಂದೇ ಕಡೆ ಮಾಡಿರಬಾರದೇ ಎಂದು ಆಕೆಯ ವಾದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸರೋವರದ ಮಾತು ಆಗಾಗ ಬರುತ್ತಿತ್ತು. ಊರು ಮತ್ತು ಮಕ್ಕಾದ ಉಮ್ರಾ ಯಾತ್ರೆ ಬಿಟ್ಟರೆ ಆ ಗಂಡಹೆಂಡಿರು ಬೇರೆಲ್ಲಿಗೂ ಹೋದವರಲ್ಲ.

ಅವರಿಗೆ ಒಬ್ಬಳೇ ಮಗಳು, ಶಾಹಿನ. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸ, ಮನೆಯೂ ಅಲ್ಲೇ. ತಂದೆ ನಿವೃತ್ತರಾಗುವ ವರ್ಷ ಅವಳು ಇಬ್ಬರ ಹೆಸರಿನಲ್ಲೂ ಒಂದು ಪ್ರಯಾಣ ಬುಕ್ ಮಾಡಿದಳು. ಇನ್ನೂರು ಜನ ಹಿಡಿಯುವ ಸಣ್ಣ ಹಡಗು. ಜುಲೈನಲ್ಲಿ ಟೊರೊಂಟೊದಿಂದ ಹೊರಟು ನಾಲ್ಕು ಸರೋವರ ದಾಟಿ ಹತ್ತನೆಯ ದಿನ ಮಿಲ್ವಾಕಿ ಸೇರುತ್ತದೆ. ಕೆನಡಾ, ಅಮೆರಿಕ ಎರಡೂ ವೀಸಾ ಬಂದವು. ಖತೀಜಮ್ಮ ದುಬೈಯ ನೈಫ್ ಮಾರುಕಟ್ಟೆಗೆ ಹೋಗಿ ಇಬ್ಬರಿಗೂ ದಪ್ಪ ಸ್ವೆಟರ್ ತಂದರು.

ಮೇ ತಿಂಗಳಲ್ಲಿ ಆಕೆಯ ಕಾಲು ಊದಿಕೊಂಡಿತು. ಹಳೆಯ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದು, ಹಡಗಿನ ಯೋಚನೆಯನ್ನೇ ಬಿಡಿ ಎಂದರು ಡಾಕ್ಟರು. ಅಲಿಯಬ್ಬ ಎರಡೂ ಟಿಕೆಟ್ ರದ್ದು ಮಾಡಲು ಹೇಳಿದರು. ಖತೀಜಮ್ಮ ಒಪ್ಪಲಿಲ್ಲ. ಒಂದು ವಾರ ಇದೇ ಜಗಳ. ಕೊನೆಗೆ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಆಕೆ ಹೇಳಿದರಂತೆ:

"ನನ್ನ ಬಾಯಿ ಇಡೀ ದಿನ ಒಣಗಿರ್ತದೆ. ನೀವು ಆ ನೀರು ಕುಡಿದು ಹೇಗುಂಟು ಅಂತ ಹೇಳಿದ್ರೆ ಸಾಕು ನಂಗೆ. ಇಬ್ಬರೂ ಇಲ್ಲೇ ಕೂತು ಗೋಡೆ ನೋಡಿ ಎಂತ ಮಾಡುದು?"

ಅಲಿಯಬ್ಬ ಹೊರಟರು. ಶಾಹಿನ ರಜೆ ಹಾಕಿ ತಾಯಿಯ ಹತ್ತಿರ ಬಂದು ನಿಂತಳು.

ಹಡಗಿನಲ್ಲಿ ಇದ್ದವರೆಲ್ಲ ವಯಸ್ಸಾದ ಬಿಳಿಯ ದಂಪತಿಗಳು. ಊಟದ ಮೇಜಿನಲ್ಲಿ ಎಂಟು ಕುರ್ಚಿ, ಅಲಿಯಬ್ಬರ ಪಕ್ಕದ್ದು ಖಾಲಿ. ಹೆಂಡತಿ ಎಲ್ಲಿ ಎಂದು ಮೊದಲ ದಿನ ಎಲ್ಲರೂ ಕೇಳಿದರು, ಎರಡನೆಯ ದಿನ ಯಾರೂ ಕೇಳಲಿಲ್ಲ. ಹಲಾಲ್ ಅಲ್ಲವೆಂದು ಅಲಿಯಬ್ಬ ಮಾಂಸ ಮುಟ್ಟದೆ ಮೀನು, ಮೊಟ್ಟೆ, ಬ್ರೆಡ್ ತಿಂದರು. ಎರಡು ಸರೋವರಗಳ ನಡುವಿನ ಕಾಲುವೆಯಲ್ಲಿ ಒಂದರ ಮೇಲೊಂದು ಗೇಟು ಮುಚ್ಚಿ, ನೀರು ತುಂಬಿಸಿ, ಹಡಗನ್ನು ಮೆಟ್ಟಿಲು ಹತ್ತಿಸಿದಂತೆ ಮೇಲಕ್ಕೆ ಎತ್ತುವುದನ್ನು ಐದು ಗಂಟೆ ಕಟಕಟೆ ಹಿಡಿದು ನಿಂತು ನೋಡಿದರು. ಕಂಡದ್ದನ್ನೆಲ್ಲ ಫೋನಿನಲ್ಲಿ ಮಾತಿನಲ್ಲೇ ರೆಕಾರ್ಡ್ ಮಾಡಿ ಖತೀಜಮ್ಮನಿಗೆ ಕಳಿಸುತ್ತಿದ್ದರು. ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟ ಆಕೆಗೆ ಬರೆದು ಕಳಿಸುವ ಅಭ್ಯಾಸವಿಲ್ಲ. ಆಕೆಯ ಉತ್ತರವೂ ಮಾತಿನಲ್ಲೇ ಬರುತ್ತಿತ್ತು. ಸ್ವೆಟರ್ ಹಾಕಿದ್ದೀರಾ ಎಂಬುದು ಪ್ರತಿ ಸಲ ಮೊದಲ ಪ್ರಶ್ನೆ.

ಐದನೆಯ ದಿನ ಹಡಗು ಹ್ಯೂರಾನ್ ಸರೋವರದಲ್ಲಿತ್ತು. ಬೆಳಿಗ್ಗೆ ಪ್ರಯಾಣಿಕರನ್ನು ರಬ್ಬರ್ ದೋಣಿಗಳಲ್ಲಿ ಕೂರಿಸಿ ಸಣ್ಣಸಣ್ಣ ಬಂಡೆದ್ವೀಪಗಳ ನಡುವೆ ಸುತ್ತಿಸಿದರು. ದೋಣಿ ಇಂಜಿನ್ ನಿಲ್ಲಿಸಿದಾಗ ಅಲಿಯಬ್ಬ ಅಂಗಿಯ ತೋಳು ಮಡಚಿ ಬೊಗಸೆಯಲ್ಲಿ ನೀರೆತ್ತಿ ಬಿಸ್ಮಿಲ್ಲಾ ಎಂದು ಕುಡಿದರು. ದೋಣಿ ನಡೆಸುವ ಹುಡುಗಿ ಬೇಡ ಎನ್ನುವಷ್ಟರಲ್ಲಿ ಎರಡನೆಯ ಬೊಗಸೆಯೂ ಆಗಿತ್ತು. ಹಡಗಿಗೆ ಮರಳಿ ಸಿಗ್ನಲ್ ಸಿಕ್ಕಿದ ಕೂಡಲೇ ಕಳಿಸಿದರು:

"ಖತೀಜಾ, ನೀರು ಕುಡಿದೆ. ಉಪ್ಪೆಂಬುದೇ ಇಲ್ಲ. ನಿನ್ನ ತಾಯಿ ಮನೆ ಬಾವಿಯ ನೀರಿದ್ದ ಹಾಗೆ ಉಂಟು, ಆದ್ರೆ ಹಲ್ಲು ಜುಂ ಅನ್ನುವಷ್ಟು ತಣ್ಣಗೆ. ನೀನು ಹೇಳಿದ್ದೇ ಸರಿ."

ಅರ್ಧ ಗಂಟೆಯ ಮೇಲೆ ಉತ್ತರ ಬಂತು. ಮಾತಲ್ಲ, ಅಕ್ಷರ. "ಒಳ್ಳೆಯದಾಯಿತು. ಹುಷಾರಾಗಿ ಬನ್ನಿ."

ಅಂದು ಅಬುಧಾಬಿಯಲ್ಲಿ ಬೆಳಗಿನ ಜಾವ ಸುಬಹ್ ನಮಾಝಿನ ಹೊತ್ತಿಗೆ ಖತೀಜಮ್ಮನಿಗೆ ಎದೆ ಹಿಡಿದಂತಾಗಿತ್ತು. ಆಸ್ಪತ್ರೆ ಸೇರಿದ ಎರಡು ಗಂಟೆಯಲ್ಲಿ ತೀರಿಕೊಂಡಿದ್ದರು. ಹಡಗಿನ ಕಂಪನಿಗೆ ಫೋನ್ ಮಾಡಿದಾಗ, ಅಲಿಯಬ್ಬರನ್ನು ವಿಮಾನ ನಿಲ್ದಾಣಕ್ಕೆ ಮುಟ್ಟಿಸಲು ಹೇಗೂ ಎರಡು ದಿನ ಬೇಕು ಎಂದಿದ್ದರು. ದಡ ಮುಟ್ಟುವವರೆಗೆ ತಂದೆಗೆ ಹೇಳಬೇಡಿ ಎಂದು ಶಾಹಿನ ಕಂಪನಿಯವರನ್ನು ಕೇಳಿಕೊಂಡಿದ್ದಳು. ದಫನ್ ಅಷ್ಟು ಹೊತ್ತು ತಡಮಾಡುವಂತಿರಲಿಲ್ಲ. ಇಳಿಹೊತ್ತಿನ ಅಸರ್ ನಮಾಝ್ ಆದ ಮೇಲೆ ಅಳಿಯ ಝುಬೈರ್ ಮತ್ತು ನಾವು ಹತ್ತಿಪ್ಪತ್ತು ಮಂದಿ ಬನಿಯಾಸ್ ಕಬರಸ್ತಾನದಲ್ಲಿ ಮಣ್ಣು ಮಾಡಿ ಬಂದೆವು. ಮನೆ ತುಂಬ ಜನ. ತಾಯಿಯ ಫೋನು ಶಾಹಿನಳ ಕೈಯಲ್ಲಿತ್ತು. ಅದು ಸದ್ದು ಮಾಡಿದಾಗ ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದಳು. ಆಮೇಲೆ ಆ ಎರಡು ಸಾಲು ಬರೆದಳು.

ಅಲಿಯಬ್ಬ ಆ ಅಕ್ಷರಗಳನ್ನು ನೋಡಿ ಡೆಕ್ ಮೇಲಿನ ಬೆಂಚಿನಲ್ಲಿ ಕುಳಿತರು. ಆಸ್ಪತ್ರೆಯಲ್ಲಿರಬಹುದು ಎಂದು ಮೊದಲು ಅನ್ನಿಸಿತಂತೆ. ಫೋನ್ ಮಾಡಿದರು, ಎತ್ತಲಿಲ್ಲ. ಉಮ್ಮ ಮಲಗಿದ್ದಾರೆ ಎಂದು ಶಾಹಿನಳ ಫೋನಿನಿಂದ ಬರಹ ಬಂತು. ಅಬುಧಾಬಿಯಲ್ಲಿ ಆಗ ಸಂಜೆ. ಸಂಜೆ ಮಲಗುವ ಹೆಂಗಸಲ್ಲ ಆಕೆ. ಮತ್ತೊಮ್ಮೆ ಫೋನ್ ಮಾಡಿ ಮಗಳ ಬಾಯಿಂದ ಕೇಳಿಬಿಡಬಹುದಿತ್ತು. ಅವರು ಮಾಡಲಿಲ್ಲ. ಕೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಎಂದು ನನಗೆ ಬಹಳ ಕಾಲದ ಮೇಲೆ ಹೇಳಿದರು.

ಮುಂದಿನ ಎರಡು ದಿನ ಅವರು ಮಾತು ಕಳಿಸುವುದನ್ನು ನಿಲ್ಲಿಸಲಿಲ್ಲ. ಬಂಡೆಯ ಮೇಲೆ ಕೂತ ಹಕ್ಕಿಯ ವಿಷಯ ಹೇಳಿದರು, ಮಂಜು ಕವಿದು ಹಡಗು ಕೊಂಬು ಊದಿದ್ದನ್ನು ಹೇಳಿದರು, ಸ್ವೆಟರ್ ಹಾಕಿದ್ದೇನೆ ಎಂದರು. ಆಕೆಯನ್ನು ಮಾತ್ರ ಏನೂ ಕೇಳಲಿಲ್ಲ. ಪ್ರತಿ ಸಲ ಅಕ್ಷರದಲ್ಲಿ ಉತ್ತರ ಬಂತು. ಆಚೆ ತುದಿಯಲ್ಲಿ ಮಗಳು ಒಂದೊಂದನ್ನೂ ಕೇಳಿ, ಉಮ್ಮ ಹೇಳಬಹುದಾದದ್ದನ್ನು ಯೋಚಿಸಿ ಬರೆಯುತ್ತಿದ್ದಳು.

ಏಳನೆಯ ದಿನ ಹಡಗು ಮ್ಯಾಕಿನಾ ದ್ವೀಪ ಮುಟ್ಟಿತು. ಮೋಟಾರು ಗಾಡಿ ಇಲ್ಲದ ಊರು, ರಸ್ತೆ ತುಂಬ ಕುದುರೆ ಸಾರೋಟು. ಬಂದರಿನ ಧಕ್ಕೆಯಲ್ಲಿ ಇಳಿದಾಗ ಫೋನ್ ಬಂತು. ಶಾಹಿನ "ಬಾಪಾ" ಎಂದಳು. ಯಾವಾಗ ಎಂದು ಮಾತ್ರ ಅವರು ಕೇಳಿದರು. ಮಂಗಳವಾರ ಎಂದಳು. ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿದರು. ಬೆಳಿಗ್ಗೆ ಎಂದಳು. ತಾವು ಆ ನೀರು ಕುಡಿಯುವ ಮೊದಲೇ ಎಂದು ಅವರಿಗೆ ಲೆಕ್ಕ ಸಿಕ್ಕಿತು.

ದೋಣಿ, ಬಸ್ಸು, ಮೂರು ವಿಮಾನ ಹತ್ತಿ ಅವರು ಮನೆ ಮುಟ್ಟುವಾಗ ಶನಿವಾರ. ಯಾರ ಮೇಲೂ ಕೂಗಾಡಲಿಲ್ಲ. ತಾವು ಕಳಿಸಿದ್ದನ್ನೆಲ್ಲ ಯಾರು ಕೇಳಿದ್ದು ಎಂದು ವಿಚಾರಿಸಿದರು. ತಾನೇ ಎಂದು ಶಾಹಿನ ಒಪ್ಪಿಕೊಂಡಳು. ಆಮೇಲೆ ಅವರು ಮಗಳ ಹತ್ತಿರ ಬೇಕಾದಷ್ಟೇ ಮಾತಾಡತೊಡಗಿದರು. ಊಟ ಆಯ್ತು, ಮಾತ್ರೆ ತಗೊಂಡೆ, ಅಷ್ಟೆ.

ಡಿಸೆಂಬರ್‌ನಲ್ಲಿ ಅವರು ನಿವೃತ್ತರಾದರು. ಕೆಲಸ ಮುಗಿದರೆ ವೀಸಾವೂ ಮುಗಿಯಿತು, ದೇಶ ಬಿಡಬೇಕು. ಅವರಿಗೆ ಬನಿಯಾಸ್ ಬಿಟ್ಟು ಹೋಗಲು ಮನಸ್ಸಿಲ್ಲ. ಉಳಿಯಲು ಇದ್ದದ್ದು ಒಂದೇ ದಾರಿ: ಮಗಳು ತನ್ನ ವೀಸಾದ ಮೇಲೆ ತಂದೆಯನ್ನು ಇಟ್ಟುಕೊಳ್ಳಬೇಕು. ವೀಸಾ ಅರ್ಜಿ ತುಂಬಿಸಿಕೊಡುವ ಟೈಪಿಂಗ್ ಸೆಂಟರಿಗೆ ನಾನೂ ಜೊತೆಗೆ ಹೋಗಿದ್ದೆ. ಅರ್ಜಿಯ ಜೊತೆ ತಾಯಿಯ ಮರಣ ಪ್ರಮಾಣಪತ್ರ ಬೇಕು ಎಂದಾಗ ಶಾಹಿನ ಚೀಲದಿಂದ ತೆಗೆದು ಕೊಟ್ಟಳು. ಅಲಿಯಬ್ಬ ಆ ಕಾಗದ ಕಂಡದ್ದು ಅದೇ ಮೊದಲು. ಕನ್ನಡಕ ಹಾಕಿಕೊಂಡು ಅದರಲ್ಲಿ ಬರೆದ ಗಂಟೆ ನೋಡಿ ತಿರುಗಿಸಿ ಕೊಟ್ಟರು.

ಹೀಗೆ ಅವರು ಸಿಲಿಕಾನ್ ಓಯಸಿಸ್‌ನ ಮನೆಗೆ ಬಂದರು. ತಾವು ಸರಿಯಾಗಿ ಮಾತಾಡದ ಮಗಳ ಮನೆಯಲ್ಲೇ ದಿನವಿಡೀ ಇರುವುದಾಯಿತು. ಶುಕ್ರವಾರ ಬಸ್ಸು ಹಿಡಿದು ಒಬ್ಬರೇ ಕಬರಸ್ತಾನಕ್ಕೆ ಹೋಗಿ ಬರುತ್ತಿದ್ದರು. ಒಂಬತ್ತು ತಿಂಗಳು ಹೀಗೇ ಕಳೆಯಿತು.

ಅಕ್ಟೋಬರ್‌ನ ಒಂದು ಮಧ್ಯಾಹ್ನ ಶಾಹಿನ ಮೀನು ಹುರಿಯುತ್ತಿದ್ದವಳು ಒಲೆ ಆರಿಸಿ ಅವರ ಎದುರು ಬಂದು ನೆಲದ ಮೇಲೆ ಕೂತಳು. ಬಾಪಾ, ಬೈದುಬಿಡಿ ಎಂದಳು. ಆ ನೀರಿನ ನಡುವೆ ನೀವು ಒಬ್ಬರೇ ಆ ಸುದ್ದಿ ಹೊತ್ತುಕೊಂಡು ಕೂರಬಾರದು ಎಂದು ಹಾಗೆ ಮಾಡಿದೆ, ಮಾಡಬಾರದಿತ್ತು ಎಂದಳು.

"ನಂಗೆ ಗೊತ್ತಿತ್ತು ಮಗಳೇ," ಎಂದರು ಅಲಿಯಬ್ಬ. "ನಿನ್ನ ಉಮ್ಮ ಯಾವತ್ತು ಬರೆದದ್ದು? ಮೊದಲನೇ ದಿನವೇ ಗೊತ್ತಾಗಿದೆ."

ಶಾಹಿನ ಕೇಳಿದಳು: "ಮತ್ತೆ ಯಾಕೆ ಮಾತು ಕಳಿಸ್ತಿದ್ರಿ?"

"ನಿಲ್ಲಿಸಿದ್ರೆ ಮುಗಿಯಿತಲ್ಲ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರದ್ದೂ ಒಂದೇ."

ಆಗ ಅವಳು ಅತ್ತಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟರು.

ಈಗ ಶುಕ್ರವಾರ ಮಗಳೇ ಅವರನ್ನು ಕಬರಸ್ತಾನಕ್ಕೆ ಕಾರಿನಲ್ಲಿ ಕರೆದುಕೊಂಡು ಬರುತ್ತಾಳೆ. ಮೊನ್ನೆ ನಾನೂ ಹೋಗಿದ್ದೆ. ಬನಿಯಾಸ್‌ನಲ್ಲಿ ಸಾಲುಸಾಲು ಒಂದೇ ತರದ ಗುಡ್ಡೆಗಳು. ಖತೀಜಮ್ಮನ ಸಾಲು ಅಲಿಯಬ್ಬರಿಗೆ ಕಣ್ಣು ಮುಚ್ಚಿದರೂ ಗೊತ್ತು. ತಂದೆ ದುಆ ಓದಿ ಮುಗಿಸುವವರೆಗೆ ಶಾಹಿನ ದೂರದ ಬೇಲಿಯ ಹತ್ತಿರ ನಿಂತಿದ್ದಳು. ಹತ್ತಿರ ಬರಲು ಅವಳಿಗೆ ಇನ್ನೂ ಆಗುವುದಿಲ್ಲ. ಮಣ್ಣು ಹಾಕುವ ಹೊತ್ತಿಗೆ ತಾನಿರಲಿಲ್ಲ ಎಂಬುದು ಅಲಿಯಬ್ಬರ ಎದೆಯಿಂದ ಹೋಗಿಲ್ಲ, ಹೋಗುವ ಹಾಗೂ ಕಾಣುವುದಿಲ್ಲ.

"ಕೋಪ ಉಂಟು ಜಯಪಾಲ," ಎಂದರು ನನಗೆ ಮಾತ್ರ ಕೇಳುವಂತೆ. "ಯಾರ ಮೇಲೆ ಅಂತ ಗೊತ್ತಾಗುದಿಲ್ಲ."

ಬಿಸಿಲು ಏರುತ್ತಿತ್ತು. ಶಾಹಿನ ಕಾರು ಶುರು ಮಾಡಿ, ಎಂದಿನಂತೆ ಹಿಂದಿನ ಸೀಟಿನ ಬಾಗಿಲು ತೆರೆದು ಹಿಡಿದಳು. ಅವರು ಅದನ್ನು ಮುಚ್ಚಿ, ಮುಂದೆ ಹೋಗಿ ಅವಳ ಪಕ್ಕದಲ್ಲಿ ಕೂತರು.