ಬಾವಲಿ ಅಜ್ಜಿಯ ಮರೆವು

ಸಂಶೋಧನಾ ಕೇಂದ್ರದ ಬಾವಲಿ ಕೋಣೆಯಲ್ಲಿ ಹಗಲನ್ನೇ ರಾತ್ರಿ ಮಾಡಿಟ್ಟಿದ್ದರು. ಬೆಳಗ್ಗೆ ಒಂಬತ್ತಕ್ಕೆ ದೀಪ ಆರಿಸಿದರೆ ಬಾವಲಿಗಳು ಏಳುತ್ತಿದ್ದವು, ವಿಜ್ಞಾನಿಗಳು ಆಕಳಿಸುತ್ತಿದ್ದರು. ಅಲ್ಲಿ ಹತ್ತೊಂಬತ್ತು ವರ್ಷದಿಂದ ಹಣ್ಣು ಹೆಚ್ಚಿ, ಹಿಕ್ಕೆ ಬಳಿದವನನ್ನು ಎಲ್ಲರೂ ಬಾವಲಿ ಮಾವ ಅನ್ನುತ್ತಿದ್ದರು. ನಿವೃತ್ತಿಗೆ ಇನ್ನು ಐದೇ ತಿಂಗಳು. ಒಂದು ಮಂಡಿ ಕುಂಟು. ಕನ್ನಡಕ ಎಲ್ಲಿಟ್ಟೆನೋ ಎಂದು ಹುಡುಕಿ ದಿನಾ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ಆ ವರ್ಷ ಕೋಣೆಯ ಹಿರಿಯ ವಿಜ್ಞಾನಿ ಮೇಡಂ ಒಂದು ಪ್ರಯೋಗ ಹೂಡಿದ್ದರು. ಎರಡು ಬಟ್ಟಲು, ಒಂದರಲ್ಲಿ ಮಾತ್ರ ಪಪಾಯಿ. ನೆನಪಿರುವ ಬಾವಲಿ ಸರಿಯಾದ ಬಟ್ಟಲಿಗೆ ಹಾರಬೇಕು. ಎಲ್ಲವೂ ಹಾರಿದವು. ಮಾವ 'ಅಜ್ಜಿ' ಎಂದು ಕರೆಯುತ್ತಿದ್ದ ಮುದಿ ಬಾವಲಿ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ವಯಸ್ಸಿನ ಮರೆವು!" ಮೇಡಂಗೆ ಹಿಗ್ಗೋ ಹಿಗ್ಗು. "ಸೋಮವಾರ ಕೊಯ್ದು ಮಿದುಳು ನೋಡೋಣ."

ಮಾವನಿಗೆ ನಿಜ ಗೊತ್ತಿತ್ತು. ಮರೆವೂ ಇಲ್ಲ, ಮಣ್ಣೂ ಇಲ್ಲ! ಪಾಪ, ವಯಸ್ಸಾದ ಜೀವ ಅಂತ ಪ್ರಯೋಗಕ್ಕೆ ಮೊದಲೇ ಇವನೇ ದಿನಾ ಕೈಯಾರೆ ಬಾಳೆಹಣ್ಣು ತಿನ್ನಿಸುತ್ತಿದ್ದ. ಹೊಟ್ಟೆ ತುಂಬಿದ ಮೇಲೆ ಬಟ್ಟಲು ಯಾರಿಗೆ ಬೇಕು? ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಅಜ್ಜಿ ಹೋಗುತ್ತದೆ.

"ಐದು ತಿಂಗಳು ಬಾಯಿ ಮುಚ್ಕೊಂಡಿರೋಕೆ ನಿಮಗೇನ್ರೀ ರೋಗ?" ಎಂದಳು ಹೆಂಡತಿ. ಆದರೂ ಸೋಮವಾರ ಬಾಯಿ ಬಿಟ್ಟ.

"ಇಡೀ ವರ್ಷದ ಕೆಲಸ ಹಾಳು ಮಾಡಿದ್ರಲ್ಲ! ನಡೀರಿ ಆಚೆ!" ಮೇಡಂ ಬೀಗದ ಕೈ ಕಿತ್ತುಕೊಂಡರು.

ಮೂರು ದಿನ ಅಜ್ಜಿ ಯಾರ ಕೈಯಿಂದಲೂ ಏನೂ ತಿನ್ನಲಿಲ್ಲ. ನಾಲ್ಕನೆಯ ದಿನ ಬೇರೆ ದಾರಿಯಿಲ್ಲದೆ ಮಾವನನ್ನು ಕರೆಸಿದರು. ಅವನ ಕುಂಟು ಹೆಜ್ಜೆ ಹೊರಗೆ ಕೇಳಿದ್ದೇ ತಡ, ಅಜ್ಜಿ ಕಿವಿ ತಿರುಗಿಸಿತು. ಅದು ಹೆಜ್ಜೆ ಗುರುತು ಹಿಡಿಯುವ ಹೊತ್ತು ಅಳೆಯಲು ಮೇಡಂ ಗಡಿಯಾರ ಹಿಡಿದರು.

ಹಳೇ ಪ್ರಬಂಧ ಕಸದ ಬುಟ್ಟಿಗೆ ಹೋಯಿತು. ಹೊಸ ಪ್ರಬಂಧ: ಮುದಿ ಬಾವಲಿಯ ಅದ್ಭುತ ನೆನಪು. ಅದಕ್ಕಾಗಿ ಮಾವ ಐದು ತಿಂಗಳು ದಿನಕ್ಕೆ ಇಪ್ಪತ್ತು ಸಲ ಬಾಗಿಲ ಹೊರಗೆ ನಡೆದ. ಅವನ ಹೆಸರು ಅಲ್ಲೆಲ್ಲೂ ಇರಲಿಲ್ಲ. ಉಪಕರಣಗಳ ಪಟ್ಟಿಯಲ್ಲಿ ತಕ್ಕಡಿ, ಕ್ಯಾಮೆರಾ ಆದಮೇಲೆ 'ಹೆಜ್ಜೆ ಸದ್ದು' ಎಂದಿತ್ತು.

ನಿವೃತ್ತಿಯ ದಿನ ಮೇಡಂ ಅಕ್ಕರೆಯಿಂದಲೇ ಹೇಳಿದರು. "ಇಂಥಾ ನೆನಪಿರೋ ಮಿದುಳು ಸಿಗೋದೇ ಅಪರೂಪ. ನಾಳೆ ಕೊಯ್ದು ನೋಡಲೇಬೇಕು."

ಮಾವ ತಲೆಯಾಡಿಸಿ ಕೊನೆಯ ಸಲ ಕೋಣೆ ಗುಡಿಸಲು ಹೋದ. ಸಂಜೆ ಅವನು ಹಣ್ಣಿನ ಬುಟ್ಟಿ ಹೊತ್ತು ಗೇಟು ದಾಟುವಾಗ ಮೇಡಂ ಓಡಿಬಂದರು.

"ಮಾವ, ಅಜ್ಜಿ ಪಂಜರದಲ್ಲಿಲ್ಲ!"

"ಅಯ್ಯೋ, ಬಾಗಿಲು ಹಾಕೋದೇ ಮರೆತೆ ಅನ್ಸುತ್ತೆ ಮೇಡಂ," ಎಂದ ಮಾವ, ಅಲುಗುತ್ತಿದ್ದ ಬುಟ್ಟಿಯ ಬಟ್ಟೆ ಸರಿಮಾಡುತ್ತಾ. "ವಯಸ್ಸಾಯ್ತಲ್ಲ."