ಕೆಂಪು ಬಾಳೆಹಣ್ಣಿನ ತೋಪು

ಇವತ್ತು ಸ್ಟೇಶನ್ ಬಜಾರದ ಗಾಡಿಯೊಂದರಿಂದ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಕೈ ತಾನಾಗಿಯೇ ಒಂದು ಹಣ್ಣನ್ನೆತ್ತಿ ಪಶ್ಚಿಮಕ್ಕೆ ಗುರಿಯಿಟ್ಟಿತು.

“ತಿಂತೀರೋ, ಯಾರಿಗರ ಹೊಡೀತೀರೋ?” ಎಂದಳು ಗಾಡಿಯವಳು.

ಅವಳಿಗೆ ಮೆಹಬೂಬ ಚಾಚಾ ಗೊತ್ತಿಲ್ಲ. ನಮ್ಮ ಗಾಜಿಪುರ ಓಣಿಯಲ್ಲಿ ಪಕ್ಕದ ಮನೆಯವರಾಗಿದ್ದರು. ಹರೆಯವನ್ನೆಲ್ಲ ಕೊಂಕಣದ ಹಳೆಯ ಕಡಲಕೋಟೆಯೊಂದರ ಕಾವಲಿನಲ್ಲಿ ಕಳೆದು, ಸಮುದ್ರವಿಲ್ಲದ ನಮ್ಮೂರಿಗೆ ಬಂದು, ಸಂಜೆಯಾದರೆ ಕಟ್ಟೆಯ ಮೇಲೆ ಸಮುದ್ರ ಹರಡಿಕೊಂಡು ಕೂಡುತ್ತಿದ್ದರು. ಕೆಂಪು ಬಾಳೆಹಣ್ಣೇ ಅವರ ಕಥೆಯಲ್ಲಿ ಗುಂಡು ಹಾರಿಸುವ ತೋಪು. ಸುಲ್ತಾನರು ಕೋಟೆ ಕಟ್ಟಿದರು, ಹಡಗಿನಲ್ಲಿ ಬಂದ ಫಿರಂಗಿಯವರು ಕಸಿದರು, ಇಂಗ್ಲಿಷರು ದೊಡ್ಡ ತೋಪು ಏರಿಸಿದರು. ರಾಜ್ಯ ಬದಲಾದಾಗೆಲ್ಲ ಹಣ್ಣು ಕೈ ಬದಲಾಯಿಸುತ್ತಿತ್ತು, ಅಂದರೆ ಚಾಚಾರ ಎಡಗೈಯಿಂದ ಅವರದೇ ಬಲಗೈಗೆ.

“ದುಶ್ಮನ್ ಬರ್ಲೇ ಇಲ್ಲ ಬೇಟಾ. ಆದ್ರೂ ತೋಪಿಗಿ ದಿನಾ ಎಣ್ಣಿ ಹಚ್ತಿದ್ರಂತ. ತುಕ್ಕು ಹಿಡಿಸೂ ಉಪ್ಪಿನ ಗಾಳಿ ಯಾರ ರಾಜ್ಯ ಅಂತ ಕೇಳ್ತದೇನು? ಮಧ್ಯಾಹ್ನ ಆತಂತ ಮೀನ್ ಹಿಡಿಯವ್ರಿಗಿ ತಿಳಿಸ್ಲಾಕ ಮಾತ್ರ...” ಗಂಟಲು ಕೆರೆದು, ನಮ್ಮ ಜೀವ ತಿನ್ನುವಷ್ಟು ಹೊತ್ತು ಸುಮ್ಮನಾಗಿ, “ಢಂ!” ಎನ್ನುತ್ತಿದ್ದರು. ಆಮೇಲೆ ತೋಪನ್ನು ಸುಲಿದು ತಾವೇ ತಿನ್ನುತ್ತಿದ್ದರು. “ಕಥಿ ಹೇಳಿದವಂಗೇ ತೋಪು!”

ಹಣ್ಣು ಸಿಗದ ಸಿಟ್ಟಿಗೆ ನಾನು ಅವರ ದನಿಯನ್ನೇ ಹೊಡೆದುಕೊಂಡೆ. ಮದುವೆಮನೆಗಳಲ್ಲಿ ಅವರಂತೆಯೇ ಗಂಟಲು ಕೆರೆದು ನಗಿಸಿದೆ. “ನಕಲಿ ನವಾಬ” ಎಂದು ಚಾಚಾ ಬೈದರು. ಬೈಗುಳವನ್ನೂ ಕಲಿತೆ. ನನ್ನ ಸ್ವಂತ ದನಿ ಯಾವುದೆಂದು ಈಗ ನನ್ನ ತಾಯಿಗೂ ಗುಮಾನಿ.

ಹೋದ ವಾರ ಕಮಲಾಪುರದಲ್ಲಿ ಅವರ ಮಗಳ ಮನೆಯಲ್ಲಿ ಚಾಚಾರನ್ನು ಕಂಡೆ. ಗಂಟಲಿನ ಆಪರೇಶನ್ ಆಗಿ ದನಿ ಹೋಗಿದೆ, ಇನ್ನು ಬರುವುದಿಲ್ಲ. ಮೊಮ್ಮಗಳು ಸನಾಗೆ ಕಥೆ ಕೇಳುವ ವಯಸ್ಸು ಬಂದಿರುವುದು ಈಗ.

“ಇವ್ರಿಗಿ ಸಮುದ್ರದ ಕಥಿ ಬರ್ತದಂತ. ಬರೇ ಕೈ ಮಾಡ್ತಾರ, ನಂಗೇನೂ ತಿಳ್ಯಂಗಿಲ್ಲ,” ಎಂದು ದೂರಿದಳು.

ಚಾಚಾ ನನ್ನನ್ನು ನೋಡಿದರು. ಹಣ್ಣೊಂದನ್ನು ಕೈಗೆತ್ತಿಕೊಂಡರು. ನಾನು ಬಾಯಿ ತೆರೆದೆ, ಅವರ ದನಿ ಬಂತು. ಸುಲ್ತಾನರು, ಫಿರಂಗಿಯವರು, ಎಣ್ಣೆ, ಉಪ್ಪಿನ ಗಾಳಿ. ಮಾತು ನನ್ನದು, ತೋಪು ಅವರದು. ಗಂಟಲು ಕೆರೆದು ಢಂ ಎನ್ನುವಷ್ಟರಲ್ಲಿ ಅವರ ಕೈ ಮೇಲೆದ್ದಿತು: ತಡಿ. ಇಷ್ಟು ವರ್ಷ ನಕಲು ಮಾಡಿದವನು ಆ ಮೌನವನ್ನು ಮಾತ್ರ ಕದ್ದಿರಲಿಲ್ಲ. ಸನಾ ಉಸಿರು ಹಿಡಿದು ಮುಂದೆ ಬಾಗಿದಳು. ಕೈ ಇಳಿಯಿತು.

“ಢಂ!”

ಬೆಚ್ಚಿದ ಹುಡುಗಿ ಬಿದ್ದು ಬಿದ್ದು ನಕ್ಕಳು. ಚಾಚಾ ತೋಪು ಸುಲಿದರು. ಅಭ್ಯಾಸಬಲದಿಂದ ನಾನು ಬೇರೆಡೆ ನೋಡಿದೆ. ಅವರು ಅದನ್ನು ನನ್ನ ಕೈಗಿಟ್ಟರು.

“ಮತ್ತ ನಂಗ?” ಎಂದಳು ಸನಾ.

“ನೀ ಹೇಳೂದು ಕಲೀ ಬೇಟಾ, ಆಗ.” ಯಾವ ದನಿಯಲ್ಲಿ ಹೇಳಿದೆನೋ ತಿಳಿಯದು.

ಇವತ್ತು ಗುರಿಯಿಟ್ಟ ಹಣ್ಣನ್ನಿಳಿಸಿ, “ಒಂದು ಡಜನ್ ಕಟ್ರಿ, ಕಮಲಾಪುರಕ್ಕ ಒಯ್ಯೂದದ,” ಎಂದೆ ಗಾಡಿಯವಳಿಗೆ.

“ಅಯ್ಯ, ಕಮಲಾಪುರಕ್ಕೇ ಕಮಲಾಪುರದ ಹಣ್ಣೇನ್ರಿ? ಅಲ್ಲೇನು ಬರಗಾಲ ಬಂದದ?”

ನಾನು ಹಣ್ಣನ್ನು ಮತ್ತೆ ಗುರಿಯಿಟ್ಟು ಗಂಟಲು ಕೆರೆದೆ. ಆಮೇಲೆ, ಚಾಚಾ ಕಾಯಿಸಿದಷ್ಟೇ ಹೊತ್ತು, ಕಾದೆ.